ನೀಲಿ ಹೆಲ್ಮೆಟ್ಟಿನ ಖರ್ಚು ಯಾರ ಲೆಕ್ಕಕ್ಕೆ?

ವಿಶ್ವಸಂಸ್ಥೆಯ ಮಹಾಸಭೆಯ 19ನೇ ಅಧಿವೇಶನ ನ್ಯೂಯಾರ್ಕಿನಲ್ಲಿ ಶುರುವಾದದ್ದು 1964ರ ಡಿಸೆಂಬರ್ 1ರಂದು. ಎಂದಿನಂತೆ ಸೆಪ್ಟೆಂಬರಿನಲ್ಲೇ ಸೇರಬೇಕಿತ್ತು. ಮುಂದಕ್ಕೆ ಹಾಕಿ ಹಾಕಿ ಚಳಿಗಾಲ ಬಂದುಬಿಟ್ಟಿತ್ತು. ಘಾನಾದ ಅಲೆಕ್ಸ್ ಕ್ವೇಸನ್-ಸ್ಯಾಕಿ ಅಧ್ಯಕ್ಷ ಪೀಠ ಏರಿದರು. ಅವರನ್ನು ಯಾರೂ ಮತ ಹಾಕಿ ಆರಿಸಲಿಲ್ಲ, ಸಭೆ ಸಮ್ಮತಿಸಿತು ಅಷ್ಟೆ. ಅದೇ ದಿನ ಮಲಾವಿ, ಮಾಲ್ಟಾ, ಜಾಂಬಿಯಾ ಹೊಸ ಸದಸ್ಯರಾಗಿ ಒಳಬಂದವು. ಅದಕ್ಕೂ ಮತದಾನ ನಡೆಯಲಿಲ್ಲ. ಮುಂದಿನ ವರ್ಷದ ಖರ್ಚಿಗೆ ಒಪ್ಪಿಗೆ ಕೊಡಬೇಕಾದಾಗ, ಹಿಂದಿನ ವರ್ಷದ ಮಟ್ಟದಲ್ಲೇ ಖರ್ಚು ಮಾಡಿಕೊಳ್ಳಿ ಎಂದು ಪ್ರಧಾನ ಕಾರ್ಯದರ್ಶಿಗೆ ಹೇಳಿ, ಯಾರದೂ ಆಕ್ಷೇಪವಿಲ್ಲ ಎಂದು ಬರೆದುಕೊಂಡರು.

ಭದ್ರತಾ ಮಂಡಳಿಯ ತಾತ್ಕಾಲಿಕ ಸದಸ್ಯರನ್ನು ಆರಿಸುವ ಹೊತ್ತು ಬಂದಾಗ ನಿಜವಾದ ಇಕ್ಕಟ್ಟು ಎದುರಾಯಿತು. ನಿಯಮದ ಪ್ರಕಾರ ಗುಪ್ತ ಮತದಾನ ಆಗಲೇಬೇಕು. ಅದರ ಬದಲು ಪ್ರತಿನಿಧಿಗಳು ಅಧ್ಯಕ್ಷರ ಕೊಠಡಿಗೆ ಹೋಗಿ, ತಮ್ಮ ದೇಶದ ಒಲವು ಯಾರ ಕಡೆಗಿದೆ ಎಂದು ಖಾಸಗಿಯಾಗಿ ತಿಳಿಸಿ ಬಂದರು. ಅದನ್ನು ಸಮಾಲೋಚನೆ ಎಂದು ಕರೆದರು. 115 ದೇಶಗಳ ಸಭೆ, ಜಗತ್ತಿನ ಸಂಸತ್ತು ಎಂದು ಜನ ನಂಬಿದ್ದ ಸಭೆ, ವಾರಗಟ್ಟಲೆ ಭಾಷಣ ಕೇಳಿತು, ಕೈ ಮಾತ್ರ ಎತ್ತಲಿಲ್ಲ.

ಕಾರಣ ಹಣ. ವಿಶ್ವಸಂಸ್ಥೆಯ ಸನ್ನದಿನ 19ನೇ ವಿಧಿ ಹೀಗೆ ಹೇಳುತ್ತದೆ: ಯಾವ ದೇಶದ ವಂತಿಗೆಯ ಬಾಕಿ ಹಿಂದಿನ ಎರಡು ಪೂರ್ಣ ವರ್ಷಗಳ ವಂತಿಗೆಯಷ್ಟು ಬೆಳೆದಿದೆಯೋ, ಆ ದೇಶಕ್ಕೆ ಮಹಾಸಭೆಯಲ್ಲಿ ಮತ ಇಲ್ಲ. ಸೋವಿಯತ್ ಒಕ್ಕೂಟದ ಬಾಕಿ ಆಗ 5 ಕೋಟಿ ಡಾಲರ್ ಮೀರಿತ್ತು. ಅದು ಆ ಗೆರೆಯನ್ನು ದಾಟಿಯಾಗಿತ್ತು. 1965ರ ಜನವರಿ 1ಕ್ಕೆ ಫ್ರಾನ್ಸ್ ಕೂಡ ದಾಟಲಿತ್ತು. ಮತದಾನ ನಡೆದರೆ ಮಾಸ್ಕೋದ ಮತ ಎಣಿಸಬೇಕೋ ಬೇಡವೋ ಎಂಬ ಪ್ರಶ್ನೆ ಏಳುತ್ತಿತ್ತು. ಎಣಿಸಬಾರದು ಎಂದು ಅಮೆರಿಕ ಪಟ್ಟು ಹಿಡಿದಿತ್ತು, ಅಲ್ಲಿನ ಕಾಂಗ್ರೆಸ್ ಆ ಬೇಸಗೆಯಲ್ಲೇ ಹಾಗೆಂದು ನಿರ್ಣಯ ಮಾಡಿತ್ತು. ಮತ ಕಿತ್ತುಕೊಂಡರೆ ಸೋವಿಯತ್ ಒಕ್ಕೂಟ ಸಂಸ್ಥೆಯನ್ನೇ ಬಿಟ್ಟು ಹೋದೀತು ಎಂಬ ಭಯ ಉಳಿದವರಿಗೆ. ಹಾಗಾಗಿ ಮತವನ್ನೇ ಕರೆಯದಿರುವುದು ಎಂದಾಯಿತು.

ಬಾಕಿ ಉಳಿದದ್ದು ಕಚೇರಿಯ ಬಾಡಿಗೆಗೋ ನೌಕರರ ಸಂಬಳಕ್ಕೋ ಸಂಬಂಧಿಸಿದ್ದಲ್ಲ. ಸಿನಾಯ್ ಮರಳುಗಾಡಿನಲ್ಲಿ, ಗಾಜಾದಲ್ಲಿ, ಕಾಂಗೋದ ಕಾಡುಗಳಲ್ಲಿ ನಿಂತಿದ್ದ ಶಾಂತಿಪಾಲನಾ ಪಡೆಗಳ ಖರ್ಚು ಅದು.

ಶಾಂತಿಪಾಲನೆ ಎಂಬ ಮಾತು ವಿಶ್ವಸಂಸ್ಥೆಯ ಸನ್ನದಿನಲ್ಲಿ ಎಲ್ಲೂ ಇಲ್ಲ. 1945ರಲ್ಲಿ ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಬೇರೆಯೇ ಚಿತ್ರ: ಮಹಾಶಕ್ತಿಗಳು ಒಟ್ಟಾಗಿ ತಮ್ಮ ಸೈನ್ಯವನ್ನು ಭದ್ರತಾ ಮಂಡಳಿಯ ಕೈಗೆ ಕೊಡುತ್ತವೆ, ಆಕ್ರಮಣಕಾರರನ್ನು ಬಗ್ಗುಬಡಿಯುತ್ತವೆ. ಶೀತಲ ಸಮರ ಆ ಚಿತ್ರವನ್ನು ಅಳಿಸಿಹಾಕಿತು. 1956ರ ಅಕ್ಟೋಬರ್ ಕೊನೆಯಲ್ಲಿ ಇಸ್ರೇಲ್, ಅದರ ಬೆನ್ನಿಗೇ ಬ್ರಿಟನ್ ಮತ್ತು ಫ್ರಾನ್ಸ್, ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ಬಿದ್ದವು. ಭದ್ರತಾ ಮಂಡಳಿಯಲ್ಲಿ ಬ್ರಿಟನ್, ಫ್ರಾನ್ಸ್ ಎರಡೂ ವಿಟೊ ಚಲಾಯಿಸಿದವು. ವಿಷಯ ಮಹಾಸಭೆಗೆ ಬಂತು. ಕೆನಡಾದ ಲೆಸ್ಟರ್ ಪಿಯರ್ಸನ್ ಒಂದು ಸಲಹೆ ಇಟ್ಟರು: ಕಾದಾಡುವವರ ನಡುವೆ ನಿಲ್ಲಲು ವಿಶ್ವಸಂಸ್ಥೆಯದೇ ಒಂದು ಪಡೆ ಬೇಕು. ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ಕೆಲವೇ ದಿನಗಳಲ್ಲಿ ಯೋಜನೆ ಸಿದ್ಧಪಡಿಸಿದರು. ನವೆಂಬರ್ 15ಕ್ಕೆ ಮೊದಲ ತುಕಡಿ ಈಜಿಪ್ಟಿನಲ್ಲಿ ಇಳಿಯಿತು. ನೀಲಿ ಬೆರೆಟ್ ಹೊಲಿಸುವಷ್ಟು ಹೊತ್ತು ಇರಲಿಲ್ಲವಾಗಿ ಅಮೆರಿಕನ್ ಸೈನ್ಯದ ಹೆಲ್ಮೆಟ್‌ಗಳಿಗೆ ನೀಲಿ ಬಣ್ಣ ಹೊಡೆಸಿ ಕಳಿಸಿದರು. ಆ ಅವಸರದ ಬಣ್ಣವೇ ಮುಂದೆ ಇಡೀ ಪದ್ಧತಿಯ ಗುರುತಾಯಿತು.

ಹಣದ ಏರ್ಪಾಡೂ ಅಷ್ಟೇ ಅವಸರದ್ದು. ಆ ನವೆಂಬರಿನಲ್ಲಿ 1 ಕೋಟಿ ಡಾಲರಿನ ವಿಶೇಷ ಖಾತೆಯೊಂದನ್ನು ತೆರೆದರು. ಸೈನಿಕನ ಸಂಬಳ, ಅವನ ಬಂದೂಕು, ಬೂಟುಗಳ ಖರ್ಚು ಅವನನ್ನು ಕಳಿಸಿದ ಸರ್ಕಾರದ್ದು. ಸಾಗಾಟ, ಊಟ, ಬಿಡಾರ ವಿಶ್ವಸಂಸ್ಥೆಯದ್ದು. ಪರದೇಶದಲ್ಲಿದ್ದುದಕ್ಕೆ ಸೈನಿಕನಿಗೆ ವಿಶ್ವಸಂಸ್ಥೆ ಕೊಡುತ್ತಿದ್ದ ಭತ್ಯೆ ದಿನಕ್ಕೆ 86 ಸೆಂಟ್. ಒಂದು ವರ್ಷ ಕಳೆಯುವಷ್ಟರಲ್ಲೇ ಈ ಹಂಚಿಕೆ ನಡೆಯುವುದಿಲ್ಲ ಎಂದು ಗೊತ್ತಾಯಿತು. ಭಾರತ, ಬ್ರೆಜಿಲ್, ಯುಗೊಸ್ಲಾವಿಯದಂಥ ದೇಶಗಳು ತಿಂಗಳುಗಟ್ಟಲೆ ಪರರ ಗಡಿ ಕಾಯಲು ತಮ್ಮದೇ ಬೊಕ್ಕಸದಿಂದ ಎಷ್ಟೆಂದು ಸುರಿಯಬೇಕು? ತುಕಡಿ ಕಳಿಸಿದ್ದರಿಂದ ಹೆಚ್ಚುವರಿಯಾಗಿ ಬಿದ್ದ ಖರ್ಚನ್ನು ವಿಶ್ವಸಂಸ್ಥೆಯೇ ಮರಳಿಸಬೇಕೆಂದು 1957ರಲ್ಲಿ ಮಹಾಸಭೆ ಒಪ್ಪಿತು.

ಅಷ್ಟಕ್ಕೂ ವಿಶ್ವಸಂಸ್ಥೆಗೆ ಆ ಹಣ ಎಲ್ಲಿಂದ ಬರಬೇಕು? ಸನ್ನದಿನ 17ನೇ ವಿಧಿಯಂತೆ ಸಂಸ್ಥೆಯ ಖರ್ಚನ್ನು ಮಹಾಸಭೆ ಹಂಚಿದ ಪ್ರಮಾಣದಲ್ಲಿ ಸದಸ್ಯರೆಲ್ಲ ಹೊರಬೇಕು. ಇದೂ ಸಂಸ್ಥೆಯ ಖರ್ಚೇ, ಎಲ್ಲರೂ ಕೊಡಿ ಎಂದರು ಹ್ಯಾಮರ್‌ಶೋಲ್ಡ್. ದಾಳಿ ಮಾಡಿದವರು ಬ್ರಿಟನ್, ಫ್ರಾನ್ಸ್, ಇಸ್ರೇಲ್. ದಂಡವನ್ನು ಅವರೇ ಕಟ್ಟಲಿ ಎಂದಿತು ಸೋವಿಯತ್ ಒಕ್ಕೂಟ. ಅರಬ್ ದೇಶಗಳ ಮಾತೂ ಅದೇ. ಮಾಸ್ಕೋದ ವಾದಕ್ಕೆ ಇನ್ನೊಂದು ಮಗ್ಗುಲೂ ಇತ್ತು: ಪಡೆ ಕಳಿಸುವ ಅಧಿಕಾರ ಇರುವುದು ಭದ್ರತಾ ಮಂಡಳಿಗೆ ಮಾತ್ರ, ಅಲ್ಲಿ ನಮಗೆ ವಿಟೊ ಇದೆ, ಮಹಾಸಭೆ ಬಹುಮತದಿಂದ ಪಡೆ ಕಟ್ಟಿ ನಮಗೆ ಬಿಲ್ ಕಳಿಸಿದರೆ ಆ ವಿಟೊ ಇದ್ದೂ ಇಲ್ಲದಂತೆ. ಇದನ್ನು ಬರೀ ಜಿಪುಣತನ ಎಂದು ತಳ್ಳಿಹಾಕುವುದು ಸರಿಯಲ್ಲ. ಹಣ ಕೊಡುವವನಿಗೆ ಆಜ್ಞೆ ಮಾಡುವ ಹಕ್ಕು ಎಷ್ಟಿರಬೇಕು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೆ ಬಗೆಹರಿದಿಲ್ಲ.

ಸೂಯೆಜ್ ಪಡೆಯ ಖರ್ಚು ತಡೆದುಕೊಳ್ಳುವಂಥದ್ದು, ಹನ್ನೊಂದು ವರ್ಷಕ್ಕೆ ಒಟ್ಟು 21 ಕೋಟಿ 40 ಲಕ್ಷ ಡಾಲರ್. ಕಾಂಗೋ ಹಾಗಿರಲಿಲ್ಲ.

1960ರ ಜೂನ್ 30ರಂದು ಬೆಲ್ಜಿಯಂನಿಂದ ಬಿಡುಗಡೆ ಪಡೆದ ಕಾಂಗೋ ಒಂದು ವಾರ ನೆಟ್ಟಗೆ ನಿಲ್ಲಲಿಲ್ಲ. ಸೈನ್ಯ ದಂಗೆ ಎದ್ದಿತು, ಬೆಲ್ಜಿಯಂ ತನ್ನ ಪಡೆಗಳನ್ನು ಮತ್ತೆ ನುಗ್ಗಿಸಿತು, ತಾಮ್ರದ ಗಣಿಗಳಿದ್ದ ಕಟಾಂಗ ಪ್ರಾಂತ ಮೊಯೀಸ್ ಚೊಂಬೆಯ ನಾಯಕತ್ವದಲ್ಲಿ ಬೇರೆಯಾದೆ ಎಂದು ಸಾರಿತು. ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ವಿಶ್ವಸಂಸ್ಥೆಯ ನೆರವು ಕೇಳಿದರು. ಜುಲೈ 14ರಂದು ಭದ್ರತಾ ಮಂಡಳಿ ಪಡೆ ಕಳಿಸಲು ಒಪ್ಪಿತು. ಈ ಬಾರಿ ಸೋವಿಯತ್ ಮತವೂ ಪರವಾಗಿಯೇ ಬಿತ್ತು. ಆದರೆ ಸೆಪ್ಟೆಂಬರಿನಲ್ಲಿ ಲುಮುಂಬಾ ಅಧಿಕಾರ ಕಳೆದುಕೊಂಡರು. ಮುಂದಿನ ಜನವರಿಯಲ್ಲಿ ಅವರ ಕೊಲೆಯಾಯಿತು. ವಿಶ್ವಸಂಸ್ಥೆ ಪಡೆ ಅವರನ್ನು ಕೈಬಿಟ್ಟಿತು ಎಂದು ಸೋವಿಯತ್ ನಾಯಕ ಕ್ರುಶ್ಚೇವ್ ಗುಡುಗಿದರು, ಹ್ಯಾಮರ್‌ಶೋಲ್ಡ್ ಹುದ್ದೆಯನ್ನೇ ತೆಗೆದುಹಾಕಿ ಎಂದರು. ಇನ್ನು ಕಾಂಗೋದ ಖರ್ಚಿಗೆ ಮಾಸ್ಕೋ ದುಡ್ಡು ಕೊಡುತ್ತದೆ ಎಂದು ಯಾರೂ ನಿರೀಕ್ಷಿಸುವಂತಿರಲಿಲ್ಲ. ಸೂಯೆಜ್ ಪಡೆಗೆ ಹಣ ಕೊಟ್ಟಿದ್ದ ಫ್ರಾನ್ಸ್ ಕೂಡ ಕಾಂಗೋಗೆ ಕೊಡಲು ನಿರಾಕರಿಸಿತು. ಮಹಾಸಭೆ ಶಿಫಾರಸು ಮಾಡಬಹುದು, ತೆರಿಗೆ ಹಾಕುವಂತಿಲ್ಲ ಎಂಬುದು ಪ್ಯಾರಿಸ್ ನಿಲುವು.

1961ರ ಜುಲೈ ಹೊತ್ತಿಗೆ ಕಾಂಗೋದಲ್ಲಿ 20 ಸಾವಿರಕ್ಕೆ ಸ್ವಲ್ಪ ಕಡಿಮೆ ಸೈನಿಕರಿದ್ದರು. ಆ ವರ್ಷ ಅಲ್ಲಿಗಿಳಿದ ಭಾರತದ 99ನೇ ಬ್ರಿಗೇಡ್ ಪಡೆಯ ಬೆನ್ನೆಲುಬಾಗಿತ್ತು. ಡಿಸೆಂಬರ್ 5ರಂದು ಕಟಾಂಗದ ಎಲಿಜಬೆತ್‌ವಿಲ್‌ನಲ್ಲಿ ರಸ್ತೆತಡೆ ತೆರವುಗೊಳಿಸುವಾಗ ಮಡಿದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ತಿಂಗಳಿಗೆ ಸುಮಾರು 1 ಕೋಟಿ ಡಾಲರ್ ಖರ್ಚಾಗುತ್ತಿತ್ತು. ವಿಶ್ವಸಂಸ್ಥೆಯ ಇಡೀ ವರ್ಷದ ಸಾಮಾನ್ಯ ಬಜೆಟ್ಟೇ ಆಗ ಸುಮಾರು 7 ಕೋಟಿ. ಅಂದರೆ ಒಂದೇ ದೇಶದ ಕಾರ್ಯಾಚರಣೆ ಸಂಸ್ಥೆಯ ಉಳಿದೆಲ್ಲ ಕೆಲಸಕ್ಕಿಂತ ದುಬಾರಿ. ಕಾರ್ಯನಿಧಿ ಬರಿದಾಯಿತು. ತನ್ನ ವಶದಲ್ಲಿದ್ದ ಬೇರೆ ನಿಧಿಗಳಿಂದ ವಿಶ್ವಸಂಸ್ಥೆ ಕೈಗಡ ಎತ್ತಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಚೊಂಬೆಯೊಂದಿಗೆ ಕದನವಿರಾಮದ ಮಾತುಕತೆಗೆ ಹೊರಟಿದ್ದ ಹ್ಯಾಮರ್‌ಶೋಲ್ಡ್ ಎಂಡೋಲಾ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದ ಬರ್ಮಾದ ಊ ಥಾಂಟ್ ಕೈಗೆ ಸಿಕ್ಕಿದ್ದು ದಿವಾಳಿಯ ಅಂಚಿನಲ್ಲಿದ್ದ ಸಂಸ್ಥೆ.

1961ರ ಡಿಸೆಂಬರ್ 20ರಂದು ಮಹಾಸಭೆ ಎರಡು ಹೆಜ್ಜೆ ಇಟ್ಟಿತು. ಮೊದಲನೆಯದು ಸಾಲ. 20 ಕೋಟಿ ಡಾಲರಿನ ಬಾಂಡ್‌ಗಳನ್ನು ಸದಸ್ಯ ರಾಷ್ಟ್ರಗಳಿಗೆ ಮಾರುವುದು; ಬಡ್ಡಿ ಶೇ 2, ತೀರಿಸುವ ಅವಧಿ 25 ವರ್ಷ. ಇದರಲ್ಲಿ ಒಂದು ಜಾಣ್ಮೆ ಇತ್ತು. ಅಸಲು, ಬಡ್ಡಿಯ ಕಂತನ್ನು ಸಾಮಾನ್ಯ ಬಜೆಟ್ಟಿನಲ್ಲೇ ಸೇರಿಸಿದರು. ಸಾಮಾನ್ಯ ವಂತಿಗೆ ಕಟ್ಟುವ ಯಾವ ದೇಶವೂ ಆಗ ಕಾಂಗೋದ ಖರ್ಚನ್ನು ಹೊತ್ತಂತೆಯೇ ಆಗುತ್ತಿತ್ತು. ಮಾಸ್ಕೋಗೂ ಪ್ಯಾರಿಸ್‌ಗೂ ಅದು ಅರ್ಥವಾಗದೆ ಇರಲಿಲ್ಲ. ಬಜೆಟ್ಟಿನಿಂದ ಆ ಕಂತಿನಷ್ಟನ್ನು ಕಳೆದೇ ಕಟ್ಟಿದರು. ಬಾಂಡ್ ಮಾರಾಟದಿಂದ ಬಂದದ್ದು 17 ಕೋಟಿಯ ಹತ್ತಿರ, ಅದರ ಅರ್ಧದಷ್ಟು ಅಮೆರಿಕದ್ದೇ.

ಎರಡನೆಯ ಹೆಜ್ಜೆ ನ್ಯಾಯಾಲಯಕ್ಕೆ. ಸೂಯೆಜ್ ಮತ್ತು ಕಾಂಗೋ ಪಡೆಗಳ ಖರ್ಚು 17ನೇ ವಿಧಿಯ ಅರ್ಥದಲ್ಲಿ ಸಂಸ್ಥೆಯ ಖರ್ಚೇ ಎಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯವನ್ನು ಕೇಳಿದರು. 1962ರ ಜುಲೈ 20ರಂದು ಹೌದು ಎಂಬ ಅಭಿಪ್ರಾಯ ಬಂತು, 9 ನ್ಯಾಯಾಧೀಶರು ಒಂದು ಕಡೆ, 5 ಮಂದಿ ಇನ್ನೊಂದು ಕಡೆ. ಶಾಂತಿ ಕಾಪಾಡುವ ಮೊದಲ ಹೊಣೆ ಭದ್ರತಾ ಮಂಡಳಿಯದು, ಆದರೆ ಅದೊಂದರದೇ ಅಲ್ಲ. ಸಂಸ್ಥೆಯ ಉದ್ದೇಶಕ್ಕಾಗಿ ಮಾಡಿದ ಖರ್ಚು ಸಂಸ್ಥೆಯ ಖರ್ಚೇ ಎಂಬುದು ಬಹುಮತದ ಮಾತು. ಭಿನ್ನಮತ ಬರೆದವರಲ್ಲಿ ಸೋವಿಯತ್ ನ್ಯಾಯಾಧೀಶ ಕೊರೆಟ್‌ಸ್ಕಿ, ಫ್ರಾನ್ಸಿನ ಬಾಸ್ದೆವಾಂ ಇದ್ದರು, ನ್ಯಾಯಾಲಯದ ಅಧ್ಯಕ್ಷ ಪೋಲೆಂಡಿನ ವಿನಿಯಾರ್‌ಸ್ಕಿ ಕೂಡ ಇದ್ದರು. ಮಹಾಸಭೆ ಅದನ್ನು ಒಪ್ಪಿಕೊಂಡಿತು. ಆದರೆ ಅದು ಸಲಹಾ ಅಭಿಪ್ರಾಯ, ಜಪ್ತಿಗೆ ಬರುವ ಅಮೀನರು ಯಾರೂ ಇಲ್ಲ. ಬಾಕಿ ಬೆಳೆಯುತ್ತಲೇ ಹೋಯಿತು.

ಈ ನಡುವೆ ಹೊಸ ಕಾರ್ಯಾಚರಣೆಗಳು ಬಂದಾಗ ವಿಶ್ವಸಂಸ್ಥೆ ಬೇರೆ ದಾರಿ ಹುಡುಕಿಕೊಂಡಿತು. 1962ರಲ್ಲಿ ಪಶ್ಚಿಮ ನ್ಯೂಗಿನಿಯ ಖರ್ಚನ್ನು ನೆದರ್‌ಲೆಂಡ್ಸ್ ಮತ್ತು ಇಂಡೋನೇಷ್ಯಾ ಹಂಚಿಕೊಂಡವು. 1963ರಲ್ಲಿ ಯೆಮನ್‌ಗೆ ಹೋದ ವೀಕ್ಷಕರ ಖರ್ಚು ಸೌದಿ ಅರೇಬಿಯಾ, ಈಜಿಪ್ಟ್‌ಗಳದು. ಜಗಳವಾಡಿದವರೇ ಕೊಡಲಿ, ನಮ್ಮನ್ನು ಕೇಳಬೇಡಿ ಎಂಬ ನಿಲುವಿಗೆ ಮಹಾಶಕ್ತಿಗಳೆಲ್ಲ ಒಪ್ಪಿದ್ದವು. ಜಗಳಗಂಟರಿಬ್ಬರೂ ಶ್ರೀಮಂತರಾಗಿದ್ದರೆ, ಇಬ್ಬರಿಗೂ ಪಡೆ ಬೇಕಿದ್ದರೆ ಈ ಏರ್ಪಾಡು ನಡೆದೀತು. ಸೈಪ್ರಸ್‌ನಲ್ಲಿ ಎರಡೂ ಇರಲಿಲ್ಲ.

ಗ್ರೀಕ್ ಮತ್ತು ತುರ್ಕಿ ಸೈಪ್ರಿಯಟರ ನಡುವಿನ ರಕ್ತಪಾತ ನಿಲ್ಲಿಸಲು 1964ರ ಮಾರ್ಚ್ 4ರಂದು ಭದ್ರತಾ ಮಂಡಳಿ ಪಡೆ ಕಳಿಸುವ ನಿರ್ಣಯ ಮಾಡಿತು. ಅದರ ಆರನೆಯ ಪರಿಚ್ಛೇದ ಓದಿದರೆ ಕಾಲದ ನಾಡಿ ಸಿಗುತ್ತದೆ: ಖರ್ಚನ್ನೆಲ್ಲ ತುಕಡಿ ಕಳಿಸುವ ದೇಶಗಳು ಮತ್ತು ಸೈಪ್ರಸ್ ಸರ್ಕಾರ ಹೊರಬೇಕು, ಸ್ವಯಂಪ್ರೇರಿತ ದೇಣಿಗೆ ಬಂದರೆ ಪ್ರಧಾನ ಕಾರ್ಯದರ್ಶಿ ಸ್ವೀಕರಿಸಬಹುದು. ಯಾರಿಗೂ ಕಡ್ಡಾಯ ವಂತಿಗೆ ಇಲ್ಲ. ಹಾಗೆ ಬರೆದಿದ್ದಕ್ಕೇ ಸೋವಿಯತ್ ಒಕ್ಕೂಟವಾಗಲಿ ಫ್ರಾನ್ಸ್ ಆಗಲಿ ಅಡ್ಡ ಬರಲಿಲ್ಲ. ಸೈನಿಕರನ್ನು ಕೊಟ್ಟವರೇ ಹಣವನ್ನೂ ಕೊಡಬೇಕು ಎಂಬುದು ನನಗೆ ಈ ಇಡೀ ಚರಿತ್ರೆಯಲ್ಲೇ ಅತ್ಯಂತ ಅನ್ಯಾಯದ ಏರ್ಪಾಡು ಎನ್ನಿಸುತ್ತದೆ.

ಆ ಪಡೆಯ ಮೊದಲ ದಂಡನಾಯಕ ಭಾರತದ ಲೆಫ್ಟಿನೆಂಟ್ ಜನರಲ್ ಪಿ.ಎಸ್. ಗ್ಯಾನಿ. ಕೆಲವೇ ತಿಂಗಳಲ್ಲಿ ಅವರ ಜಾಗಕ್ಕೆ ಬಂದವರು ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಮಡಿಕೇರಿಯಲ್ಲಿ ಹುಟ್ಟಿ ಭಾರತದ ಭೂಸೇನಾ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದವರು. ಇಂಥ ಕೆಲಸ ಅವರಿಗೆ ಹೊಸದಲ್ಲ. ಕೊರಿಯಾ ಯುದ್ಧ ನಿಂತ ಮೇಲೆ ಯುದ್ಧಕೈದಿಗಳನ್ನು ಮರಳಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ 1953-54ರಲ್ಲಿ ದುಡಿದಿದ್ದರು. ಸೈಪ್ರಸ್‌ನಲ್ಲಿ ಅವರ ಕೈಕೆಳಗೆ ಆರು ಸಾವಿರ ಚಿಲ್ಲರೆ ಜನ: ಬ್ರಿಟನ್, ಕೆನಡಾ, ಸ್ವೀಡನ್, ಫಿನ್ಲೆಂಡ್, ಐರ್ಲೆಂಡ್, ಡೆನ್ಮಾರ್ಕಿನ ಸೈನಿಕರು, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ಕಡೆಯಿಂದ ಬಂದ ಪೊಲೀಸರು. ತಿಮ್ಮಯ್ಯನವರು ಅಧಿಕಾರ ವಹಿಸಿಕೊಂಡ ಮರು ತಿಂಗಳೇ, ಆಗಸ್ಟ್ 8 ಮತ್ತು 9ರಂದು, ವಾಯವ್ಯ ಕರಾವಳಿಯ ಕೊಕ್ಕಿನಾದಲ್ಲಿ ಕದನ ನಡೆದು ತುರ್ಕಿಯ ವಿಮಾನಗಳು ಬಾಂಬ್ ಹಾಕಿದವು.

ಇಂಥ ಪಡೆಯ ಆಯುಷ್ಯ ಮೊದಲಿಗೆ ಮೂರು ಮೂರು ತಿಂಗಳು. ಪ್ರತಿ ಸಲ ಅವಧಿ ಮುಗಿಯುವ ಹೊತ್ತಿಗೆ ಊ ಥಾಂಟ್ ಭದ್ರತಾ ಮಂಡಳಿಗೆ ವರದಿ ಕೊಡಬೇಕು, ಅದರ ಜತೆಗೇ ಸರ್ಕಾರಗಳಿಗೆ ಹಣಕ್ಕಾಗಿ ಮನವಿ ಕಳಿಸಬೇಕು. ಮುಂದಿನ ತ್ರೈಮಾಸಿಕಕ್ಕೆ ಎಷ್ಟು ಬರುತ್ತದೆ ಎಂದು ಗೊತ್ತಿಲ್ಲದೆ ದಂಡನಾಯಕ ಕಾವಲು ಠಾಣೆಗಳನ್ನು ಎಲ್ಲಿ ಹಾಕಬೇಕೆಂದು ನಿಶ್ಚಯಿಸಬೇಕು. ಸುತ್ತ ಬಂದೂಕು ಹಿಡಿದ ಎರಡು ಜನಾಂಗಗಳು, ಮೇಲೆ ಗ್ರೀಸ್, ತುರ್ಕಿ ಎಂಬ ಎರಡು ನ್ಯಾಟೋ ರಾಷ್ಟ್ರಗಳ ವೈರ, ಕೆಳಗೆ ಖಾಲಿ ಖಾತೆ. ತಿಮ್ಮಯ್ಯನವರು ನಡೆಸಿದ್ದು ಇಂಥ ಪಡೆಯನ್ನು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿದ್ದಾಗಲೇ ಅವರು ಸೈಪ್ರಸ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಅತ್ತ ನ್ಯೂಯಾರ್ಕಿನಲ್ಲಿ ಮತವಿಲ್ಲದ ಅಧಿವೇಶನವೂ ಒಂದು ತುದಿ ಮುಟ್ಟಿತ್ತು. 1965ರ ಫೆಬ್ರವರಿಯಲ್ಲಿ ಅಲ್ಬೇನಿಯಾದ ಪ್ರತಿನಿಧಿ ಎದ್ದು ನಿಂತು, ಸಭೆ ನಿಯಮದಂತೆ ನಡೆಯಲಿ, ಮತ ಹಾಕೋಣ ಎಂದು ಹಟ ಹಿಡಿದರು. ಸೋವಿಯತ್ ಬಣಕ್ಕೂ ಆಗ ಅಲ್ಬೇನಿಯಾಕ್ಕೂ ಎಣ್ಣೆ-ಸೀಗೆಕಾಯಿ. ಮಾಸ್ಕೋವನ್ನೂ ವಾಷಿಂಗ್ಟನ್ನನ್ನೂ ಒಟ್ಟಿಗೆ ಇಕ್ಕಟ್ಟಿಗೆ ಸಿಲುಕಿಸುವ ಅವಕಾಶ ಅದು. ಫೆಬ್ರವರಿ 18ರಂದು ಅಧ್ಯಕ್ಷರ ತೀರ್ಮಾನದ ಮೇಲೆ ಮತ ಹಾಕಲೇಬೇಕಾಯಿತು: 97 ಪರ, 2 ವಿರುದ್ಧ, 13 ತಟಸ್ಥ. ಇದು ಕಲಾಪದ ವಿಚಾರ ಮಾತ್ರ, 19ನೇ ವಿಧಿಗೆ ಧಕ್ಕೆಯಿಲ್ಲ ಎಂದು ಅಮೆರಿಕದ ಅಡ್ಲೈ ಸ್ಟೀವನ್ಸನ್ ಹೇಳಿ ಸುಮ್ಮನಾದರು. ಅದೇ ದಿನ ಶಾಂತಿಪಾಲನೆಯ ವಿಚಾರ ಪರಿಶೀಲಿಸಲು 33 ದೇಶಗಳ ವಿಶೇಷ ಸಮಿತಿ ಹುಟ್ಟಿತು.

ಜುಲೈನಲ್ಲಿ ಸ್ಟೀವನ್ಸನ್ ಲಂಡನ್ನಿನಲ್ಲಿ ಹಠಾತ್ತನೆ ತೀರಿಕೊಂಡರು. ಅವರ ನಂತರ ಬಂದ ಆರ್ಥರ್ ಗೋಲ್ಡ್‌ಬರ್ಗ್ ಆಗಸ್ಟ್ 16ರಂದು ವಿಶೇಷ ಸಮಿತಿಯ ಮುಂದೆ ಅಮೆರಿಕದ ಸೋಲನ್ನು ಒಪ್ಪಿಕೊಂಡರು. 19ನೇ ವಿಧಿಯನ್ನು ಜಾರಿ ಮಾಡುವ ಮನಸ್ಸು ಬಹುಪಾಲು ಸದಸ್ಯರಿಗಿಲ್ಲ, ನಾವು ಇನ್ನು ಒತ್ತಾಯಿಸುವುದಿಲ್ಲ ಎಂದರು. ಅದಕ್ಕೊಂದು ಬಾಲ ಸೇರಿಸಿದರು: ಬೇರೆಯವರು ಇಷ್ಟವಿಲ್ಲದ ಖರ್ಚಿಗೆ ಕೊಡದೆ ಇರಬಹುದು ಎಂದಾದರೆ, ಪ್ರಬಲ ಕಾರಣವಿದ್ದಾಗ ಅಮೆರಿಕಕ್ಕೂ ಆ ಹಕ್ಕು ಇದೆ. ಆ ಸೆಪ್ಟೆಂಬರಿನಲ್ಲಿ 20ನೇ ಅಧಿವೇಶನ ಎಂದಿನಂತೆ ಸೇರಿತು, ಎಲ್ಲರೂ ಮತ ಹಾಕಿದರು. ಸಂಸ್ಥೆ ಉಳಿಯಿತು. ಕಡ್ಡಾಯ ವಂತಿಗೆ ಎಂಬುದರ ಹಲ್ಲು ಅಂದೇ ಉದುರಿತು.

ಹಲ್ಲಿಲ್ಲದಿದ್ದರೂ ಲೆಕ್ಕ ಮಾತ್ರ ಒಂದು ಹದಕ್ಕೆ ಬಂದದ್ದು 1973ರಲ್ಲಿ. ಆ ವರ್ಷದ ಅರಬ್-ಇಸ್ರೇಲ್ ಅಕ್ಟೋಬರ್ ಯುದ್ಧದ ನಂತರ ಸಿನಾಯ್‌ಗೆ ಎರಡನೆಯ ಪಡೆ ಕಳಿಸುವಾಗ ಭದ್ರತಾ ಮಂಡಳಿಯೇ ನಿರ್ಣಯಿಸಿದ್ದರಿಂದ ಮಾಸ್ಕೋಗೆ ಅಧಿಕಾರದ ತಕರಾರು ಇರಲಿಲ್ಲ. ಡಿಸೆಂಬರ್ 11ರಂದು ಮಹಾಸಭೆ ದೇಶಗಳನ್ನು ನಾಲ್ಕು ಗುಂಪು ಮಾಡಿತು. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರಿಗೆ ಶೇ 63.15, ಉಳಿದ ಶ್ರೀಮಂತ ದೇಶಗಳಿಗೆ 34.78, ಹಿಂದುಳಿದವಕ್ಕೆ 2.02, ತೀರಾ ಬಡವಕ್ಕೆ 0.05. ಪಡೆ ಕಳಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರೇ ಹೆಚ್ಚು ಕೊಡಬೇಕು ಎಂಬ ನ್ಯಾಯ ಮೊದಲ ಬಾರಿಗೆ ಅಂಕಿಗಳಲ್ಲಿ ಮೂಡಿತು. ಸೈನಿಕನೊಬ್ಬನಿಗೆ ತಿಂಗಳಿಗೆ 500 ಡಾಲರ್ ಎಂದು, ಕಳಿಸಿದ ಸರ್ಕಾರಕ್ಕೆ ಕೊಡುವ ಒಂದೇ ದರವೂ ನಿಗದಿಯಾಯಿತು. ಇಂದು ಆ ದರ 1,400 ಡಾಲರ್ ದಾಟಿದೆ.

ಸೈಪ್ರಸ್ ಪಡೆ ಮಾತ್ರ ಈ ಹೊಸ ಲೆಕ್ಕದ ಹೊರಗೇ ಉಳಿಯಿತು. ತುಕಡಿ ಕೊಟ್ಟ ದೇಶಗಳಿಗೆ ಮರಳಿಸಬೇಕಾದ ಬಾಕಿ ಹತ್ತು ವರ್ಷಕ್ಕೂ ಹಳೆಯದಾಯಿತು. ಸುಮಾರು ಮೂರು ದಶಕ ಕಾದ ಮೇಲೆ ಕೆನಡಾ ತನ್ನ ಬೆಟಾಲಿಯನ್ನನ್ನು ಕರೆಸಿಕೊಂಡಿತು. 1993ರ ಮೇನಲ್ಲಿ ಭದ್ರತಾ ಮಂಡಳಿ ಕೊನೆಗೂ ದೇಣಿಗೆಯಿಂದ ತುಂಬದ ಖರ್ಚನ್ನು ಎಲ್ಲ ಸದಸ್ಯರ ಮೇಲೆ ಹಂಚಲು ಒಪ್ಪಿತು. ಮೂರನೆಯ ಒಂದು ಪಾಲನ್ನು ಸೈಪ್ರಸ್, ವರ್ಷಕ್ಕೆ 65 ಲಕ್ಷ ಡಾಲರನ್ನು ಗ್ರೀಸ್ ಇಂದಿಗೂ ಕೊಡುತ್ತಿವೆ.

1987ರಲ್ಲಿ ಗೊರ್ಬಚೇವ್ ಸೋವಿಯತ್ ಬಾಕಿಯನ್ನು ತೀರಿಸುವುದಾಗಿ ಹೇಳಿದರು. ಅಷ್ಟು ಹೊತ್ತಿಗೆ ಗೋಲ್ಡ್‌ಬರ್ಗ್ ಸೇರಿಸಿದ್ದ ಬಾಲಕ್ಕೆ ಜೀವ ಬರತೊಡಗಿತ್ತು. ಬೋಸ್ನಿಯಾ, ಸೊಮಾಲಿಯಾ, ಕಾಂಬೋಡಿಯಾ ಎಂದು 90ರ ದಶಕದಲ್ಲಿ ಖರ್ಚು ಏರಿದಂತೆ, ಶಾಂತಿಪಾಲನೆಯ ಶೇ 25ಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು 1994ರಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿತು. ನಿಗದಿಯಾದ ಪಾಲು ಅದಕ್ಕಿಂತ ಹೆಚ್ಚಿತ್ತು, ಉಳಿದದ್ದು ಬಾಕಿಯಾಗಿ ಬೆಳೆಯಿತು. 1964ರಲ್ಲಿ ಮಾಸ್ಕೋಗೆ ಮತವಿಲ್ಲ ಎಂದು ಹಟ ಹಿಡಿದಿದ್ದ ದೇಶವೇ 1999ರಲ್ಲಿ 19ನೇ ವಿಧಿಯ ಗೆರೆಯ ಹತ್ತಿರ ಬಂದು ನಿಂತಿತು. 2000ದ ಡಿಸೆಂಬರಿನಲ್ಲಿ ರಾಯಭಾರಿ ರಿಚರ್ಡ್ ಹೋಲ್‌ಬ್ರೂಕ್ ಹೊಸ ಹಂಚಿಕೆಯೊಂದನ್ನು ಕುದುರಿಸಿದರು. ನಾಲ್ಕು ಗುಂಪುಗಳ ಜಾಗಕ್ಕೆ ಹತ್ತು ಬಂದವು. ಭಾರತದಂಥ ದೇಶ ಈಗ ತನ್ನ ಸಾಮಾನ್ಯ ವಂತಿಗೆಯ ದರದ ಐದನೆಯ ಒಂದು ಪಾಲನ್ನಷ್ಟೇ ಶಾಂತಿಪಾಲನೆಗೆ ಕೊಡುತ್ತದೆ. ಆ ರಿಯಾಯಿತಿಯ ಹೊರೆ ಐದು ಕಾಯಂ ಸದಸ್ಯರ ಮೇಲೆ. ಆದರೆ ಅಮೆರಿಕದ ಶೇ 25ರ ಮಿತಿ ಹಾಗೇ ಉಳಿದಿದೆ.

ಹೊರಗಿನಿಂದ ಸಾಲ ಎತ್ತುವ ದಾರಿ ಈಗ ವಿಶ್ವಸಂಸ್ಥೆಗೆ ಇಲ್ಲದ ಕಾರಣ ವಂತಿಗೆ ತಡವಾದರೆ ಅದು ಮಾಡುವುದು ಒಂದೇ: ತುಕಡಿ ಕೊಟ್ಟ ದೇಶಗಳಿಗೆ ಕೊಡಬೇಕಾದ್ದನ್ನು ತಡೆಹಿಡಿಯುತ್ತದೆ. ನೇಪಾಳ, ಬಾಂಗ್ಲಾದೇಶ, ರುವಾಂಡಾ, ಭಾರತದಂಥ ದೇಶಗಳು ಹೀಗೆ ಅಮೆರಿಕ, ಚೀನಾದಂಥ ದೇಶಗಳ ಪರವಾಗಿ ಬಡ್ಡಿಯಿಲ್ಲದೆ ಸಾಲ ಕೊಟ್ಟಂತಾಗುತ್ತದೆ. ಗುಂಡಿಗೆ ಎದೆಯೊಡ್ಡುವವರೂ ಅವರೇ, ದುಡ್ಡಿಗೆ ಕಾಯುವವರೂ ಅವರೇ. 2025ರ ಅಕ್ಟೋಬರಿನಲ್ಲಿ ಸದಸ್ಯರ ಬಾಕಿ 200 ಕೋಟಿ ಡಾಲರ್ ದಾಟಿದಾಗ ವಿಶ್ವಸಂಸ್ಥೆ ಒಂಬತ್ತು ಕಾರ್ಯಾಚರಣೆಗಳಿಂದ ಕಾಲು ಭಾಗದಷ್ಟು ಸೈನಿಕರನ್ನೂ ಪೊಲೀಸರನ್ನೂ ವಾಪಸು ಕಳಿಸುವುದಾಗಿ ಪ್ರಕಟಿಸಿತು. ಅಂದರೆ 13 ಸಾವಿರಕ್ಕೂ ಹೆಚ್ಚು ಜನ. ಕಾವಲು ಬೇಡವಾಗಿದೆ ಎಂದು ಆ ಊರುಗಳ ಜನ ಯಾರೂ ಹೇಳಿರಲಿಲ್ಲ.